ಮಹಡಿ ಅಕ್ಕ ಕಲಿಸಿದ ‘ಸದ್ಯ’

ಮೊನ್ನೆ ಶುಕ್ರವಾರ ಬೆಳಗ್ಗೆ ನಮ್ಮ ಬೀದಿ ಕೊನೆಯ ದೇವಸ್ಥಾನಕ್ಕೆ ಹೋಗಿದ್ದೆ. ಗುಂಡ್ಲುಪೇಟೆಯಲ್ಲಿ ಈ ಸಲ ಮಳೆ ಚೆನ್ನಾಗಿ ಬಂದು ಗುಡಿಯ ಹಿಂದೆ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಅದನ್ನು ಕೊಯ್ಯಲು ಯಾರೋ ಮಿಷನ್ ತಂದಿದ್ದರು. ಪ್ರದಕ್ಷಿಣೆ ಹಾಕುತ್ತಾ ಹಿಂಬದಿಗೆ ಬಂದೆ ನೋಡಿ, ಆ ವಾಸನೆ ಮೂಗಿಗೆ ಬಡಿಯಿತು. ಹಸಿ ಹುಲ್ಲಿನ ವಾಸನೆ, ಅದರೊಳಗೆ ಬೆರೆತ ಎಣ್ಣೆ ಹೊಗೆ. ಹೂವಿನ ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ.

ಅಷ್ಟರಲ್ಲಿ ಮಿಷನ್ನಿನ ಅಡಿಯಿಂದ ಒಂದು ಕಲ್ಲು ಸಿಡಿದು, ಕಟ್ಟೆಯ ಮೇಲೆ ಹೂ ಕಟ್ಟುತ್ತಾ ಕೂತಿದ್ದ ಅಜ್ಜಿಯ ಪಕ್ಕದ ಕಂಬಕ್ಕೆ ಟಣ್ ಅಂತ ಹೊಡೆಯಿತು. ಅಜ್ಜಿ ಬೆಚ್ಚಿಬಿದ್ದರು. ಮಿಷನ್ನಿನವನು ಒಂದು ಗಳಿಗೆ ನಿಲ್ಲಿಸಿ, “ಸದ್ಯ, ಏನೂ ಆಗ್ನಿಲ್ಲ, ಬುಡಜ್ಜಿ” ಅಂದ. ಅಜ್ಜಿಯೂ “ದೇವ್ರವ್ನೆ ಬುಡಪ್ಪ” ಅಂದು ಮತ್ತೆ ಹೂವಿಗೆ ಕೈ ಹಾಕಿದರು. ಮಿಷನ್ ಮತ್ತೆ ಶುರುವಾಯಿತು.

ಸದ್ಯ. ಬುಡು. ಈ ಎರಡು ಮಾತು ಒಟ್ಟಿಗೆ ಕಿವಿಗೆ ಬಿದ್ದದ್ದೇ ತಡ, ನನಗೆ ಮಹಡಿ ಅಕ್ಕ ಕಣ್ಣ ಮುಂದೆ ಬಂದು ನಿಂತರು.

ಆಗ ನಾವು ಚಾಮರಾಜನಗರದಲ್ಲಿ ಬಾಡಿಗೆಗಿದ್ದೆವು. ಕೆಳಗಿನ ಮನೆ ನಮಗೆ, ಮಹಡಿ ಅವರಿಗೆ. ಹೆಸರು ಹಿಡಿದು ಕರೆಯುವ ವಯಸ್ಸು ಅವರದಲ್ಲ, ನನಗಿಂತ ತುಂಬಾ ದೊಡ್ಡವರು. ಹಾಗಾಗಿ ಅವರು ನಮಗೆ ಮಹಡಿ ಅಕ್ಕ. ಹುಬ್ಬಳ್ಳಿ ಕಡೆಯವರು, ಒಂಟಿಯಾಗಿದ್ದರು. ನಮ್ಮೆಜಮಾನರು ಕೆಲಸ ಮಾಡುತ್ತಿದ್ದ ಸಣ್ಣ ವಿಮಾನ ನಿಲ್ದಾಣದಲ್ಲೇ ಅವರಿಗೂ ಕೆಲಸ. ಅದು ಯಾವುದು ಅಂತ ಹೆಸರು ಹೇಳಲು ಹೋಗುವುದಿಲ್ಲ. ದೊಡ್ಡ ವಿಮಾನ ಅಪರೂಪಕ್ಕೆ ಬರುತ್ತಿತ್ತು, ಮಿಕ್ಕ ಹೊತ್ತೆಲ್ಲ ಓಡಿಸಲು ಕಲಿಯುವವರ ಪುಟಾಣಿ ವಿಮಾನಗಳು. ಬೆಳಗ್ಗೆ ವ್ಯಾನು ಬಂದು ಕರೆದುಕೊಂಡು ಹೋಗಿ ಸಂಜೆ ಬಿಡುತ್ತಿತ್ತು. ನಮ್ಮೆಜಮಾನರು ಅಲ್ಲಿ ಕಂಟ್ರಾಕ್ಟಿನ ಮೇಲೆ ಹುಲ್ಲು ಕೊಯ್ಯುವ ಟ್ರಾಕ್ಟರ್ ಓಡಿಸುತ್ತಿದ್ದರು. ಮನೆಗೆ ಬಂದರೆ ಅಂಗಿಯೆಲ್ಲ ಇದೇ ವಾಸನೆ.

ಅಕ್ಕ ಅಲ್ಲಿ ಸೇಫ್ಟಿ ನೋಡಿಕೊಳ್ಳುವವರು ಅಂದಾಗ ನಾನು ಪೊಲೀಸ್ ಥರ ಇರಬೇಕು ಅಂದುಕೊಂಡಿದ್ದೆ. ಕೇಳಿಯೂ ಬಿಟ್ಟೆ. ಅವರು ನಕ್ಕು, “ಕಳ್ಳರನ್ನ ಹಿಡಿಯೂದು ಬ್ಯಾರೆಯವರ ಕೆಲಸ ತಂಗಿ. ನಾ ಹಿಡಿಯೂದು ಕಲ್ಲು, ಹಕ್ಕಿ, ನಾಯಿ, ಆಮ್ಯಾಲ ಮರವು” ಅಂದರು. ಮರೆವು ಹಿಡಿಯುವುದು ಹೇಗೆ ಅಂತ ನನಗೆ ತಿಳಿಯಲಿಲ್ಲ. ಕಾಫಿ ಬೆರೆಸಿ ಕೊಟ್ಟೆ.

ಮೊದಮೊದಲು ಅವರ ಮೇಲೆ ನನಗೆ ಸ್ವಲ್ಪ ಬೇಜಾರೇ ಇತ್ತು. ಅಲ್ಲಿಯ ಆಯುಧಪೂಜೆಗೆ ಮನೆಯವರನ್ನೂ ಕರೆಯುತ್ತಿದ್ದರು. ಟ್ರಾಕ್ಟರು, ಬೆಂಕಿ ಆರಿಸುವ ಗಾಡಿ, ಎಲ್ಲಕ್ಕೂ ಚೆಂಡುಹೂವಿನ ಹಾರ. ಬೂದುಗುಂಬಳದ ತಲೆ ಕೊಯ್ದು ಒಳಗೆ ಕುಂಕುಮ, ಚಿಲ್ಲರೆ ಕಾಸು ತುಂಬಿ ಗಾಡಿ ಮುಂದೆ ಒಡೆಯುವುದು ಪದ್ಧತಿ. ಅಕ್ಕ ಬಂದು, ವಿಮಾನ ನಿಲ್ಲುವ ಜಾಗದಲ್ಲಿ ಒಡೆಯೂದು ಬ್ಯಾಡ ಅಂದುಬಿಟ್ಟರು. ಅಯ್ಯೋ ಶಿವನೇ, ವರ್ಷಕ್ಕೊಂದು ದಿನ ದೇವರ ಕಾರ್ಯಕ್ಕೂ ಅಡ್ಡಿಯೇ ಅಂತ ನನ್ನ ಮನಸ್ಸು ಕುದಿಯಿತು. ಆದರೆ ಅವರು ಪೂಜೆ ಬೇಡ ಅನ್ನಲಿಲ್ಲ. ಗೇಟಿನ ಆಚೆ ಗಾಡಿಗಳನ್ನು ಸಾಲಾಗಿ ನಿಲ್ಲಿಸಿ, ನೆಲಕ್ಕೆ ಟಾರ್ಪಾಲು ಹಾಸಿಸಿ, ಅದರ ಮೇಲೆ ಒಡೆಸಿದರು. ಮಂಗಳಾರತಿ ತೆಗೆದುಕೊಂಡು, ಹಣೆತುಂಬ ಕುಂಕುಮ ಇಟ್ಟುಕೊಂಡು, ಸೆರಗು ಸಿಕ್ಕಿಸಿ, ತಾವೇ ಬಗ್ಗಿ ಚಿಲ್ಲರೆಯನ್ನೂ ಕುಂಬಳದ ಚೂರನ್ನೂ ಆರಿಸಿದರು. ಒಂದು ಕಾಸು ವಿಮಾನದ ಇಂಜಿನ್ನಿಗೆ ಎಳೆದುಕೊಂಡರೂ ಕೆಟ್ಟದ್ದು, ಕುಂಬಳದ ಬೀಜ ತಿನ್ನಲು ಕಾಗೆ ಬಂದರೂ ಕೆಟ್ಟದ್ದು ಅಂತ ಆಮೇಲೆ ವಿವರಿಸಿದರು. ಆ ಹೊತ್ತು ನನ್ನ ಬೇಜಾರು ಇಳಿಯಿತು. ದೇವರಿಗೂ ಮರ್ಯಾದೆ ಆಯಿತು, ವಿಮಾನಕ್ಕೂ ಆಯಿತು.

ನನ್ನದೊಂದು ಅಭ್ಯಾಸ ಇದೆ, ಈಗಲೂ ಇದೆ. ಸಂಜೆ ದೀಪ ಹಚ್ಚುವಾಗ ಆ ದಿನ ತಪ್ಪಿದ್ದನ್ನೆಲ್ಲ ನೆನೆಯುವುದು. ಹಾಲು ಉಕ್ಕುವ ಮೊದಲೇ ಬಂದೆ, ಸದ್ಯ. ಮಗಳು ಮೆಟ್ಟಿಲ ಮೇಲೆ ಜಾರಿದರೂ ಬೀಳಲಿಲ್ಲ, ಸದ್ಯ. ದಿನಾ ಎಳ್ಳೆಣ್ಣೆ ದೀಪ. ಏನಾದರೂ ದೊಡ್ಡ ಸದ್ಯ ಆದ ದಿನ ತುಪ್ಪದ ದೀಪ. ಒಂದು ಸಲ ಇದನ್ನು ಅಕ್ಕನಿಗೆ ಹೇಳಿದೆ. ಅವರಿಗೆ ಅರ್ಥವೇ ಆಗಲಿಲ್ಲ.

“ಸದ್ಯ ಅಂದ್ರ?”

“ಸದ್ಯ ಅಂದ್ರೆ... ಸದ್ಯ ಅಕ್ಕ. ಏನೂ ಆಗಲಿಲ್ವಲ್ಲ ಸದ್ಯ, ಅಂತ.”

“ಓಹೋ, ನಮ್ಮ ಕಡೆ ಅದಕ್ಕ ಪುಣ್ಯಾಕ್ಕ ಅಂತೀವಿ. ಸದ್ಯ ಅಂದ್ರ ಈಗ, ಈ ಹೊತ್ತಿಗೆ ಅಂತ.” ಹಾಗಂದವರು ಲೋಟ ಕೆಳಗಿಟ್ಟರು. ಆಮೇಲೆ ಮೆಲ್ಲಗೆ, “ಸದ್ಯ ಏನೂ ಆಗಿಲ್ಲ... ಅಂದ್ರ ಸದ್ಯಕ್ಕ ಆಗಿಲ್ಲ. ಮುಂದ?” ಅಂದರು.

ಹುಟ್ಟಿದಾಗಿನಿಂದ ಆಡುತ್ತಿದ್ದ ಮಾತು. ಅದರೊಳಗೆ ಇನ್ನೊಂದು ಮಾತು ಅವಿತುಕೊಂಡಿದೆ ಅಂತ ನನಗೆ ಆ ದಿನ ಗೊತ್ತಾಯಿತು.

ಅದಾದ ಸ್ವಲ್ಪ ಕಾಲಕ್ಕೆ ನಮ್ಮ ಮನೆಗೇ ಆ ದೊಡ್ಡ ಸದ್ಯ ಬಂತು.

ಅವತ್ತು ನಮ್ಮೆಜಮಾನರು ವ್ಯಾನು ಇಳಿದು ನೇರ ಹಿತ್ತಲ ನಲ್ಲಿ ಹತ್ತಿರ ಹೋದರು. ಕೈ ತೊಳೆಯುತ್ತಾರೆ, ತೊಳೆಯುತ್ತಾರೆ, ನೀರು ನಿಲ್ಲಿಸುವುದೇ ಇಲ್ಲ. ನಾನೇ ಹೋಗಿ ನಲ್ಲಿ ತಿರುಗಿಸಿದೆ.

“ಏನಾಯ್ತು ಅಂದ್ರೆ ಹೇಳ್ಬಾರ್ದಾ?”

“ಏನಿಲ್ಲ ಕಣಮ್ಮಿ. ಸದ್ಯ ಏನೂ ಆಗ್ನಿಲ್ಲ, ಬುಡು.”

ಬಿಡಲಿಲ್ಲ ನಾನು. ಕಾಫಿ ಕುಡಿಸಿ, ಪಕ್ಕದಲ್ಲಿ ಕೂತು, ಒಂದೊಂದೇ ಮಾತು ಹೊರಗೆ ತೆಗೆಸಿದೆ. ಆಗಿದ್ದು ಇಷ್ಟು. ವಿಮಾನ ಇಳಿಯುವ ದಾರಿಯ ಆಚೆ ಬದಿ ಹುಲ್ಲು ಮುಗಿಸಿ ಇವರು ಈಚೆಗೆ ದಾಟಬೇಕಿತ್ತು. ಹಾಗೆಲ್ಲ ದಾಟುವ ಹಾಗಿಲ್ಲ. ಅಂಚಿನಲ್ಲಿ ಒಬ್ಬರು ಕಾವಲು ನಿಂತಿರುತ್ತಾರೆ, ಅವರು ಟವರಿನವರನ್ನು ಕೇಳಿ ವಾಕಿಟಾಕಿಯಲ್ಲಿ ಹೇಳಿದ ಮೇಲೆಯೇ ದಾಟಬೇಕು. ಅವತ್ತು ಕಾವಲಿಗಿದ್ದವರು ಕುದೇರಿನ ಕಡೆಯ ಒಬ್ಬರು, ಒಳ್ಳೆಯ ಮನುಷ್ಯ. ಇವರು “ಈಗ ದಾಟ್ಲೇನಣ್ಣ?” ಅಂತ ಕೇಳಿದ್ದಾರೆ. ಅವರು “ಬುಡು ಬುಡು” ಅಂದಿದ್ದಾರೆ.

ವಿಮಾನ ಬರುತ್ತಾ ಇದೆ, ಈಗ ಬೇಡ, ಬಿಟ್ಟುಬಿಡು ಅಂತ ಅವರು ಅಂದಿದ್ದು. ಗಾಡಿ ಬಿಡು, ಬಾ ಅಂತ ಇವರು ಕೇಳಿಸಿಕೊಂಡಿದ್ದು. ಗೇರಿಗೆ ಹಾಕಿ ಹೊರಟೇಬಿಟ್ಟರು. ಮುಂದಿನ ಚಕ್ರ ಡಾಂಬರಿನ ಅಂಚಿಗೆ ಬಂದಾಗ ಪಕ್ಕದಿಂದ ಸದ್ದು ಬಂದು ತಿರುಗಿ ನೋಡಿದರೆ, ಕಲಿಯುವವರ ವಿಮಾನ ನೆಲ ಮುಟ್ಟುವುದರಲ್ಲಿದೆ. ಬ್ರೇಕು ತುಳಿದರು. ವಿಮಾನ ನೆಲ ಮುಟ್ಟದೆಯೇ ಎದ್ದು ತಲೆಯ ಮೇಲಿಂದ ಹೋಯಿತು. ಇಳಿಯುವುದು, ತಕ್ಷಣ ಏಳುವುದು, ಅದೇ ಅವರ ಅವತ್ತಿನ ಪಾಠವಂತೆ. ಹಾಗಾಗಿ ದೂರದಿಂದ ನೋಡಿದವರಿಗೆ ಅದೂ ಪಾಠದ ಹಾಗೆಯೇ ಕಂಡಿರಬೇಕು. ವಿಮಾನದಲ್ಲಿದ್ದವರೂ ದೂರು ಕೊಟ್ಟ ಹಾಗಿರಲಿಲ್ಲ, ಯಾರೂ ಏನೂ ಕೇಳಲಿಲ್ಲ.

ಕಾವಲಿನವರ ಬಾಯಿಂದ ಕಂಟ್ರಾಕ್ಟರ ಕಡೆಯ ಮೇಸ್ತ್ರಿಗೆ ಮಾತ್ರ ಗೊತ್ತಾಗಿತ್ತು. ಅವರು ಇವರನ್ನು ಬದಿಗೆ ಕರೆದು, “ಯಾರೂ ನೋಡ್ನಿಲ್ಲ, ಸದ್ಯ, ಬುಡ್ಲಾ. ಬಾಯ್ಬುಟ್ಟೀಯಾ, ನಿನ್ ಕೆಲ್ಸ ಓಯ್ತದೆ, ನನ್ದೂ ಓಯ್ತದೆ” ಅಂದಿದ್ದರು.

ಕೆಲಸ ಹೋಗುವುದು ಅಂದರೆ ಏನು ಅಂತ ನಮಗೆ ಗೊತ್ತಿತ್ತು. ಅದಕ್ಕೆ ಮುಂಚೆ ಕೂಲಿ ಇಲ್ಲದೆ ಕೂತ ದಿನಗಳನ್ನು ನೋಡಿದ್ದೆವು. ತವರು ಉಡಿಗಾಲದಿಂದ ಅಪ್ಪ ರಾಗಿ ತಂದು ಹಾಕದಿದ್ದರೆ ಒಲೆ ಹಚ್ಚುವ ಹಾಗಿರಲಿಲ್ಲ. ಮಗಳನ್ನು ಆಗಷ್ಟೇ ಸ್ಕೂಲಿಗೆ ಸೇರಿಸಿದ್ದೆವು. ನಾನು ಎದ್ದು ಹೋಗಿ, ಗೋಪಾಲಸ್ವಾಮಿಗೆ ಕೈ ಮುಗಿದು, ತುಪ್ಪದ ದೀಪ ಹಚ್ಚಿದೆ. ಕಣ್ಣಲ್ಲಿ ನೀರು ಬರುತ್ತಿತ್ತು. ಅದು ಹೆದರಿಕೆಯದೋ ಸಂತೋಷದ್ದೋ...

ಆಗ ಮೊಸರಿನ ಪಾತ್ರೆ ವಾಪಸು ಕೊಡಲು ಅಕ್ಕ ಕೆಳಗೆ ಬಂದರು. ದೇವರ ಗೂಡು ನೋಡಿದರು. ದೀಪದ ಹತ್ತಿರ ಬಗ್ಗಿ ಮೂಸಿದರು.

“ಏನ್ ತಂಗಿ, ಇವತ್ತ ತುಪ್ಪದ ದೀಪ?”

“ಏನಿಲ್ಲ ಅಕ್ಕ, ಸದ್ಯ...” ಅಂದು ನಿಲ್ಲಿಸಿದೆ. ಬಾಗಿಲ ಹತ್ತಿರ ಕೂತಿದ್ದ ಇವರು ನನ್ನನ್ನೇ ನೋಡುತ್ತಿದ್ದರು.

ಅಕ್ಕ ಇವರನ್ನೂ ನೋಡಿದರು. ಪಾತ್ರೆ ಇಟ್ಟು ಮೆಟ್ಟಿಲ ತನಕ ಹೋಗಿ ತಿರುಗಿ, “ಯಾರು ಅಂತ ನಾ ಯಾವತ್ತೂ ಕೇಳೂದಿಲ್ಲ. ಏನಾತು ಅಂತ ಯಾರರ ಹೇಳಿದ್ರ ಸಾಕು” ಅಂದು ಮೇಲೆ ಹೋದರು.

ಅವರು ಹೋದ ಮೇಲೆ ನಮ್ಮಿಬ್ಬರಿಗೂ ಗುಸುಗುಸು ಜಗಳ. ಮಹಡಿಗೆ ಕೇಳಬಾರದಲ್ಲ!

“ನೀನು ದೇವರಿಗೆ ಹೇಳ್ಕೊಂಡಲ್ಲ, ಸಾಕು ಬುಡಮ್ಮಿ” ಅಂದರು ಇವರು.

“ದೇವರು ಇವತ್ತು ನಿಮ್ಮನ್ನ ಉಳಿಸ್ದ. ನಾಳೆ ಆ ಕುದೇರಿನವರು ಇನ್ನೊಬ್ಬರಿಗೆ ಬುಡು ಅಂದ್ರೆ? ಅವರ ಮನೇಲಿ ದೀಪ ಹಚ್ಚೋಳು ಏನಂತ ಹಚ್ಚಬೇಕು?” ಅಂದೆ. ಆ ಮಾತು ನನ್ನ ಬಾಯಲ್ಲಿ ಹೇಗೆ ಬಂತೋ. ಇವರು ಅನ್ನ ಕಲಸಿದ್ದನ್ನು ಹಾಗೇ ಬಿಟ್ಟು ಎದ್ದರು.

ಬೆಳಗ್ಗೆ ವ್ಯಾನು ಬರುವ ಮೊದಲು, ಸ್ನಾನ ಮಾಡಿ, ವಿಭೂತಿ ಇಟ್ಟು, ನನಗೊಂದು ಮಾತೂ ಹೇಳದೆ ಮೆಟ್ಟಿಲು ಹತ್ತಿದರು. ನಾನು ಕಾಫಿ ನೆಪ ಮಾಡಿಕೊಂಡು ಹಿಂದೆಯೇ ಹೋದೆ. ಎಲ್ಲ ಹೇಳಿದರು, ಏನನ್ನೂ ಮುಚ್ಚಿಡಲಿಲ್ಲ. ಹೇಳುವಾಗ ಕೈ ಕಟ್ಟಿಕೊಂಡು ನಿಂತಿದ್ದರು. ಅಕ್ಕ ಮೊದಲು ಕುರ್ಚಿ ಎಳೆದು ಕೂರಿಸಿದರು.

“ಅವರು ಏನಂದ್ರು? ಅದ ಮಾತು ಹೇಳ್ರಿ.”

“ಬುಡು ಬುಡು ಅಂದ್ರು ಮೇಡಮ್ಮೋರೆ.”

“ನಿಮ್ಮ ಕಡೆ ಬುಡು ಅಂದ್ರ ಹೋಗು ಅಂತೋ, ಬ್ಯಾಡ ಅಂತೋ?”

ಇವರು ನನ್ನ ಮುಖ ನೋಡಿದರು. ನಾನು ಇವರ ಮುಖ ನೋಡಿದೆ. ದಿನಾ ಬೆಳಗಾದರೆ ನಾನೇ “ಬೇಗ ಮನೆ ಬುಡಿ” ಅಂತೀನಿ, ಸಂಜೆ ಆದರೆ “ಆ ಮಾತು ಬುಡಿ” ಅಂತೀನಿ.

“ಎರಡೂ ಅಂತ ಮೇಡಮ್ಮೋರೆ” ಅಂದರು ಇವರು, ತಲೆ ತಗ್ಗಿಸಿ.

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಹಣೆಗೆ ಕೈ ಹಚ್ಚಿ ನಕ್ಕರು, ಕಣ್ಣಲ್ಲಿ ನೀರು ಬರುವ ತನಕ. ಇವರನ್ನು ಹೀಯಾಳಿಸುವ ನಗು ಅಲ್ಲ ಅದು. ಎಷ್ಟೋ ದಿನದಿಂದ ಹುಡುಕುತ್ತಿದ್ದ ಹಾವು ಕಾಲ ಹತ್ತಿರವೇ ಸಿಕ್ಕಿದ ಹಾಗೆ ನಕ್ಕರು. ಆಮೇಲೆ ನಗು ನಿಲ್ಲಿಸಿ, “ಇಷ್ಟು ದಿನ ನಾವು ಇದ ಒಂದು ಮಾತಿನ ಮ್ಯಾಲೆ ಟ್ರಾಕ್ಟರ್ ದಾಟಿಸೀವಿ. ನೀವು ಹೇಳದಿದ್ರ ನನಗ ಹ್ಯಾಂಗ ತಿಳೀತಿತ್ತು? ನಿಮ್ಮಿಂದ ಭಾಳ ಉಪಕಾರ ಆತು” ಅಂತ ಕೈ ಮುಗಿದರು. ಅಷ್ಟು ಓದಿದವರು, ಅಷ್ಟು ದೊಡ್ಡ ಕೆಲಸದವರು, ಹುಲ್ಲು ಕೊಯ್ಯುವವರಿಗೆ ಕೈ ಮುಗಿದರು. ನಾನು ಕಾಫಿ ಲೋಟ ಹಿಡಿದು ಹಾಗೇ ನಿಂತಿದ್ದೆ.

ಅಲ್ಲಿಗೆ ಮುಗಿಯಲಿಲ್ಲ. ವಿಷಯ ತಿಳಿದ ಕೂಡಲೇ ಕಂಟ್ರಾಕ್ಟರು ಇವರ ಕೈಯಿಂದ ಟ್ರಾಕ್ಟರ್ ಕೀ ಇಸಿದುಕೊಂಡರು. ಇವನೂ ಬೇಡ, ಕುದೇರಿನವನೂ ಬೇಡ, ಇಬ್ಬರನ್ನೂ ತೆಗೆಯುತ್ತೇನೆ ಅಂದರಂತೆ. ಕೆಲವು ದಿನ ಇವರು ವ್ಯಾನಿನಲ್ಲಿ ಹೋಗಿ ಗೇಟಿನ ಹತ್ತಿರ ಸುಮ್ಮನೆ ಕೂತು ಬಂದರು. ಆ ದಿನಗಳಲ್ಲಿ ನಾನು ಗೋಪಾಲಸ್ವಾಮಿಯನ್ನು ಎಷ್ಟು ಬೇಡಿಕೊಂಡೆನೋ. ನಾನೇ ಬಲವಂತ ಮಾಡಿ ಕಳಿಸಿದ ಹಾಗಾಯಿತಲ್ಲ ಅಂತ ಅವನ ಮುಂದೆಯೇ ಹೇಳಿಕೊಂಡೆ. ಅಕ್ಕನೂ ಆಗ ಕೆಳಗೆ ಬಂದು ಕೂರುತ್ತಿರಲಿಲ್ಲ. ಮೇಲೆ ಓಡಾಡುವ ಸದ್ದು ಮಾತ್ರ ಕೇಳುತ್ತಿತ್ತು.

ಕೊನೆಗೆ ದೊಡ್ಡವರೆಲ್ಲ ಕೂತ ಕಡೆ ಇವರಿಬ್ಬರನ್ನೂ ಕರೆಸಿದರು. ಅಲ್ಲಿ ಅಕ್ಕ ಆಡಿದ ಮಾತನ್ನು ಇವರು ಬಂದು ನನಗೆ ಹಾಗೇ ಒಪ್ಪಿಸಿದರು, ಅವರ ರಾಗದಲ್ಲೇ: “ಹೇಳಿದವರನ್ನ ಇವತ್ತ ತಗದ್ರ, ನಾಳೆಯಿಂದ ಇಲ್ಲಿ ಯಾರೂ ಬಾಯಿ ತೆಗೆಯೂದಿಲ್ಲ. ಆಮ್ಯಾಲ ಕೆಟ್ಟ ಸುದ್ದಿ ನೀವು ನೇರ ಪೇಪರಿನ್ಯಾಗ ಓದ್ತೀರಿ. ಇವರನ್ನ ತಗೀಬೇಕು ಅಂದ್ರ ಮೊದಲ ನನ್ನ ತಗೀರಿ.” ಅಷ್ಟು ಅಂದು ಕೂತುಬಿಟ್ಟರಂತೆ.

ಅವತ್ತು ಸಂಜೆ ಇವರು ವ್ಯಾನಿಂದ ಇಳಿದಾಗ ಅಂಗಿಯಲ್ಲಿ ಹಸಿ ಹುಲ್ಲಿನ ವಾಸನೆ ಇತ್ತು. ನಾನು ಏನೂ ಕೇಳಬೇಕಾಗಲಿಲ್ಲ...

ಆಮೇಲೆ ವಾಕಿಟಾಕಿಯಲ್ಲಿ ಬುಡು ಅನ್ನುವ ಮಾತೇ ನಿಷೇಧ ಆಯಿತು. ನಿಲ್ಲು, ಇಲ್ಲವೇ ದಾಟು. ಎರಡೇ ಮಾತು. ನಿಲ್ಲು ಅಂದರೆ ಈ ಕಡೆಯವರು “ನಿಂತಿದೀನಿ” ಅಂತ ತಿರುಗಿ ಹೇಳಬೇಕು. ಅಲ್ಲಿಯವರಿಗೆ ಅದೊಂದು ತಮಾಷೆ. ಊಟಕ್ಕೆ ಕೂತಾಗ ಯಾರಾದರೂ ಬಾಯಿತಪ್ಪಿ ಬುಡು ಅಂದರೆ, “ಏಯ್, ಮೇಡಮ್ಮೋರು ಕೇಳುಸ್ಕೊಂಡಾರು ಕಣ್ಲಾ” ಅಂತ ರೇಗಿಸುವುದು. ಕುದೇರಿನವರಿಗಂತೂ ಬುಡಣ್ಣ ಅಂತಲೇ ಹೆಸರು ಬಿತ್ತು. ಪಾಪ, ಅವರೇ ನಗುತ್ತಿದ್ದರು. ಒಂದು ಸಲ ನಮ್ಮನೆಗೆ ಊಟಕ್ಕೆ ಬಂದಾಗ ಇನ್ನೊಂದು ಮುದ್ದೆ ಹಾಕಲೇನಣ್ಣ ಅಂತ ಕೇಳಿದೆ. “ಬುಡವ್ವ” ಅಂದುಬಿಟ್ಟು, ತಾವೇ ಬೆಚ್ಚಿ, “ನಿಲ್ಲು, ನಿಲ್ಲು” ಅಂತ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು. ನಕ್ಕೂ ನಕ್ಕೂ ನಮಗೆ ಸಾಕಾಯಿತು.

ಅದಕ್ಕಿಂತ ದೊಡ್ಡದು ಇನ್ನೊಂದಾಯಿತು. ವಾರಕ್ಕೊಮ್ಮೆ ಅಕ್ಕ ಎಲ್ಲರನ್ನೂ ಮರದ ಕೆಳಗೆ ಸೇರಿಸಿ, ಟೀ ಕೊಡಿಸಿ, ಈ ವಾರದ ಸದ್ಯ ಏನು ಅಂತ ಕೇಳುತ್ತಿದ್ದರಂತೆ. ನನ್ನಿಂದ ಕಲಿತ ಮಾತು ಅದು, ನನಗೆ ಒಳಗೊಳಗೇ ಹೆಮ್ಮೆ. ಮೊದಲು ಯಾರೂ ಹೇಳುತ್ತಿರಲಿಲ್ಲವಂತೆ. ಇವರು ಹೇಳಿದ ಮೇಲೂ ಇಬ್ಬರೂ ಕೆಲಸದಲ್ಲಿ ಉಳಿದರಲ್ಲ, ಅದನ್ನು ನೋಡಿ ಒಬ್ಬೊಬ್ಬರೇ ಬಾಯಿ ಬಿಟ್ಟರು. ಬೇಲಿಯಲ್ಲಿ ಹಂದಿ ನುಗ್ಗುವಷ್ಟು ಸಂದು ಆಗಿದೆ ಅಂತ ಒಬ್ಬರು, ಸಂಜೆ ಬಿಸಿಲಿಗೆ ಆ ಕಡೆಯ ದೀಪ ಕಾಣುವುದಿಲ್ಲ ಅಂತ ಇನ್ನೊಬ್ಬರು, ಹೊರಗೆ ಯಾರೋ ಕೋಳಿ ತ್ಯಾಜ್ಯ ಸುರಿದು ಹದ್ದು ಸುತ್ತುತ್ತಿವೆ ಅಂತ ಮತ್ತೊಬ್ಬರು. ಕೇಳಿ ಬಿಡುತ್ತಿರಲಿಲ್ಲ ಅಕ್ಕ. ಅದನ್ನು ಸರಿ ಮಾಡುವವರು ಯಾರು ಅಂತ ಅಲ್ಲೇ ಗೊತ್ತು ಮಾಡಿ, ಮುಂದಿನ ವಾರ ಹೋಗಿ ನೋಡಿ ಬರುತ್ತಿದ್ದರು.

ಮನೆಯಲ್ಲೂ ಅದೇ. ನಮ್ಮ ಗ್ಯಾಸಿನ ಪೈಪು ಒಲೆಯ ಬಿಸಿಗೆ ತಾಗಿ ಮೆತ್ತಗಾಗಿದ್ದನ್ನು ನಾನು ಸದ್ಯ ಅಂತ ದೇವರಿಗೆ ಹೇಳಿ ಮುಗಿಸಿದ್ದೆ. ಅಕ್ಕ ದಿನಾ ಮೆಟ್ಟಿಲು ಇಳಿಯುವಾಗ ಕಿಟಕಿಯಲ್ಲಿ ತಲೆ ಹಾಕಿ, “ಪೈಪ್ ಬದಲಿ ಮಾಡ್ಸಿದಿ?” ಅಂತ ಕೇಳುತ್ತಿದ್ದರು. ಕಾಟ ತಡೆಯಲಾರದೆ ಮಾಡಿಸಿದೆ. ಹಳೆಯದನ್ನು ಬಗ್ಗಿಸಿ ನೋಡಿದರೆ ಒಳಗೆಲ್ಲ ಬಿರುಕು. ಅವತ್ತು ಅವರು ನನ್ನ ಬೆನ್ನ ಮೇಲೆ ಕೈಯಿಟ್ಟು ಹೇಳಿದ್ದು ಇನ್ನೂ ಕಿವಿಯಲ್ಲಿದೆ: “ಸದ್ಯ ಅನ್ನು ತಂಗಿ, ದೇವರಿಗೆ ಅದನ್ನ ಹೇಳಾಕ ಬೇಕು. ಆದ್ರ ಅದರ ಹಿಂದ ಬುಡು ಅನ್ನಬ್ಯಾಡ.”

ಅವರಿಗೆ ವರ್ಗ ಆಗಿ ಹುಬ್ಬಳ್ಳಿ ಕಡೆಗೇ ಹೋದರು. ಹೋಗುವ ದಿನ ನಾನು ಮಡಿಲು ತುಂಬಿದೆ. ಒಂಟಿ ಹೆಂಗಸಿಗೆ ಯಾಕೆ ಅಂದರು, ತಂಗಿ ಇರುವವರು ಒಂಟಿ ಹೇಗಾಗುತ್ತಾರೆ ಅಂದೆ. ಸೆರಗಲ್ಲಿ ಮುಖ ಒರೆಸಿಕೊಂಡರು. ಹಬ್ಬಕ್ಕೆ ಫೋನು ಮಾಡುತ್ತಿದ್ದರು. ಮೊದಲ ಮಾತೇ, “ಈ ಸರ್ತಿ ಏನ್ ಸದ್ಯ?” ಆಮೇಲೆ ನಾವೂ ಗುಂಡ್ಲುಪೇಟೆಗೆ ಬಂದೆವು. ಫೋನು ಅಪರೂಪ ಆಯಿತು. ಒಂದು ಹಬ್ಬಕ್ಕೆ ಬರಲಿಲ್ಲ. ಇನ್ನೊಂದಕ್ಕೂ ಬರಲಿಲ್ಲ. ನಾನೇ ಮಾಡಿದಾಗ ಎತ್ತಿದವರು ಅವರ ಅಣ್ಣನ ಮಗಳು. ಕಾಯಿಲೆ ಗೊತ್ತಾದಾಗಲೇ ತಡವಾಗಿತ್ತಂತೆ. ಅಕ್ಕನ ತಿಥಿ ಕಾರ್ಯವೂ ಎಲ್ಲ ಮುಗಿದುಹೋಗಿತ್ತು... ಎಲ್ಲರ ಸಣ್ಣಸಣ್ಣ ಸುಳಿವು ಹಿಡಿದವರು ತಮ್ಮ ಮೈಯ ಸುಳಿವನ್ನು ಯಾಕೆ ಯಾರಿಗೂ ಹೇಳಲಿಲ್ಲವೋ. ಹೇಳಲು ಪಕ್ಕದಲ್ಲಿ ಯಾರಿದ್ದರೋ, ಇರಲಿಲ್ಲವೋ. ಅದೊಂದು ಕೊರಗು ನನಗೆ ಹಾಗೇ ಉಳಿದಿದೆ.

ನಮ್ಮೆಜಮಾನರು ಈಗ ಸ್ವಂತ ಟ್ರಾಕ್ಟರಿನಲ್ಲಿ ಚೆಂಡುಹೂವಿನ ಹೊಲಗಳನ್ನು ಉಳುತ್ತಾರೆ. ಊಟಿ ಕಡೆಗೆ ಕಾರುಗಳು ಬುರ್ರನೆ ಹೋಗುವ ರಸ್ತೆ ದಾಟುವಾಗ ಈಗಲೂ ತಮಗೆ ತಾವೇ ಗಟ್ಟಿಯಾಗಿ “ನಿಂತಿದೀನಿ” ಅನ್ನುತ್ತಾರೆ, ಎರಡೂ ಕಡೆ ನೋಡಿ “ದಾಟ್ತಿದೀನಿ” ಅನ್ನುತ್ತಾರೆ. ಪಕ್ಕದಲ್ಲಿ ಕೂತ ಆಳುಗಳು ನಗುತ್ತಾರಂತೆ. ನಗಲಿ.

ಮೊನ್ನೆ ಗುಡಿಯ ಹಿಂದೆ ಇಷ್ಟೆಲ್ಲ ನೆನೆಯುತ್ತಾ ಎಷ್ಟು ಹೊತ್ತು ನಿಂತಿದ್ದೆನೋ. ಮಿಷನ್ ಓಡುತ್ತಲೇ ಇತ್ತು. ಪ್ರದಕ್ಷಿಣೆ ಅರ್ಧಕ್ಕೇ ಬಿಟ್ಟು ಅವನ ಮುಂದೆ ಹೋಗಿ ಕೈ ಅಡ್ಡ ಹಿಡಿದೆ.

“ಏನವ್ವ, ಏನೂ ಆಗ್ನಿಲ್ವಲ್ಲ” ಅಂದ.

“ನಿನ್ನ ತಪ್ಪು ಅಂತ ಅಂದ್ನೇನಪ್ಪ? ಇಲ್ಲಿ ಕಲ್ಲಿದಾವೆ, ಬಾ ಆರಿಸಾಣ” ಅಂದೆ.

ಅಜ್ಜಿಯನ್ನು ಹೂವಿನ ಬುಟ್ಟಿ ಸಮೇತ ಗುಡಿಯ ಮುಂದಕ್ಕೆ ಕೂರಿಸಿ ಬಂದು ಸೆರಗು ಸಿಕ್ಕಿಸಿದೆ. ಅವನು ಗೊಣಗುತ್ತಾ ಬಂದವನು ನಾಲ್ಕು ಕಲ್ಲು ಕೈಗೆ ಸಿಕ್ಕ ಮೇಲೆ ಗೊಣಗುವುದು ನಿಲ್ಲಿಸಿದ. ಕೈಯೆಲ್ಲ ಹಸಿ ಹುಲ್ಲಿನ ವಾಸನೆ ಆಯಿತು. ಆಮೇಲೆ ಕೈ ತೊಳೆದು, ಉಳಿದ ಪ್ರದಕ್ಷಿಣೆ ಮುಗಿಸಿದೆ.

ಸಂಜೆ ಮನೆಯಲ್ಲಿ ತುಪ್ಪದ ದೀಪ ಹಚ್ಚಿದೆ. ಇವರು ಬಂದು ಗಾಬರಿಯಿಂದ, “ಏನಾಯ್ತಮ್ಮಿ ಇವತ್ತು?” ಅಂದರು.

ಇವತ್ತು ಆದದ್ದಲ್ಲ, ಯಾವತ್ತೋ ಆದದ್ದು ಅಂದೆ. ಅಷ್ಟು ಊರು ಇದ್ದು, ಅಷ್ಟು ಮನೆ ಇದ್ದು, ಅವರು ನಮ್ಮ ಮಹಡಿಗೇ ಬಾಡಿಗೆಗೆ ಬಂದಿದ್ದರಲ್ಲ.

ಸದ್ಯ.